ಹುಳಿ ನೀರಿನ ಊರಿನಲ್ಲಿ ಅಕ್ವೇರಿಯಂ: ಹೊಯಿಗೆ, ಗಿಡ, ಮೀನು

(ಮಂಗಳೂರಿನಲ್ಲಿ, ಮೊದಲ ಸಲ ಅಕ್ವೇರಿಯಂ ಇಡುವವರಿಗೆಂದು ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಉಳಿಸಿಕೊಂಡಿದೆ.)

ಎಲ್ಲರಿಗೂ ನಮಸ್ಕಾರ. ಮಾತಿಗೆ ಮೊದಲು ಮೇಜಿನ ಮೇಲಿನ ಈ ಎರಡು ಗಾಜಿನ ಲೋಟ ನೋಡಿ. ಎರಡರಲ್ಲೂ ಒಂದೊಂದು ಹಿಡಿ ಹೊಯಿಗೆ ಇದೆ. ಎಡಗಡೆಯದ್ದು ಹೊಳೆಯದ್ದು, ಬಲಗಡೆಯದ್ದು ಕಡಲ ಕರೆಯದ್ದು. ನೋಡಲಿಕ್ಕೆ ಕಡಲಿನದ್ದೇ ಚೆಂದ, ಬೆಳ್ಳಗೆ ನುಣುಪಾಗಿದೆ. ಈಗ ಎರಡಕ್ಕೂ ಎರಡೆರಡು ಚಮಚ ವಿನೆಗರ್ ಹಾಕುತ್ತೇನೆ. ಎಡಗಡೆಯದ್ದು ಸುಮ್ಮನೆ ಕೂತಿದೆ. ಬಲಗಡೆಯ ಲೋಟಕ್ಕೆ ಕಿವಿ ಹತ್ತಿರ ತನ್ನಿ. ಸಣ್ಣಗೆ ಚುರುಚುರು ಸದ್ದು ಕೇಳುತ್ತದೆ. ಗುಳ್ಳೆ ಏಳುತ್ತಿರುವ ಆ ಬಿಳಿ ಕಾಳುಗಳು ಕಲ್ಲಲ್ಲ, ಮರುವಾಯಿಯಂಥ ಚಿಪ್ಪುಗಳ ಚೂರು. ಸುಣ್ಣ ಸುಡುವುದು ಇದೇ ಚಿಪ್ಪಿನಿಂದ. ಇದನ್ನು ಟ್ಯಾಂಕಿನ ತಳಕ್ಕೆ ಹಾಸಿದರೆ ಅದು ತಿಂಗಳುಗಟ್ಟಲೆ ಕರಗುತ್ತ ನೀರಿನ ಗಡಸುತನವನ್ನೂ (ಅಂದರೆ ಕರಗಿದ ಕ್ಯಾಲ್ಸಿಯಂ, ಮೆಗ್ನೀಷಿಯಂ) ಪಿಎಚ್ ಅನ್ನೂ (ನೀರಿನ ಹುಳಿಯ ಅಳತೆ, 7ಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು) ಏರಿಸುತ್ತ ಹೋಗುತ್ತದೆ, ನಮ್ಮ ಹತೋಟಿಗೆ ಸಿಗುವುದಿಲ್ಲ.

ಈ ಚಿಪ್ಪಿನ ಲೋಟವನ್ನು ಚೆಲ್ಲಬೇಡಿ, ಆಮೇಲೆ ಬೇಕಾಗುತ್ತದೆ.

ಅಕ್ವೇರಿಯಂ ಇಡುವವರು ಸಾಮಾನ್ಯವಾಗಿ ಅಂಗಡಿಯಲ್ಲಿ ಮೊದಲು ಮೀನು ನೋಡುತ್ತಾರೆ, ಅದಕ್ಕೆ ಒಪ್ಪುವ ಬಣ್ಣದ ಕಲ್ಲು ಆರಿಸುತ್ತಾರೆ, ಕೊನೆಗೆ ಮನೆಗೆ ಬಂದು ನಲ್ಲಿ ತಿರುಗಿಸುತ್ತಾರೆ. ಕ್ರಮ ಪೂರ್ತಿ ತಲೆಕೆಳಗು. ಮನೆಯ ನೀರನ್ನು ನೀವು ಬದಲಾಯಿಸಲಾರಿರಿ. ವಾರವಾರ ಅದನ್ನೇ ಸುರಿಯುವುದು. ಹಾಗಾಗಿ ಮೊದಲು ನೀರು, ಅದಕ್ಕೆ ತಕ್ಕ ತಳ, ತಳಕ್ಕೆ ತಕ್ಕ ಗಿಡ, ಇವೆಲ್ಲ ಸೇರಿ ಯಾವುದನ್ನು ಸಾಕಬಲ್ಲವೋ ಆ ಮೀನು. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಶುರುವಾದ ಊರು ಇದು. ಆದರೂ ಮೀನು ಕಟ್ಟಿಕೊಡುವಾಗ "ನಿಮ್ಮಲ್ಲಿ ಬಾವಿ ನೀರೋ, ನಲ್ಲಿ ನೀರೋ?" ಎಂದು ಕೇಳುವ ಅಂಗಡಿಯವರು ಕಡಿಮೆ.

ನಮ್ಮ ನೀರಿನ ಗುಣ

ದಕ್ಷಿಣ ಕನ್ನಡ, ಉಡುಪಿಯ ಬಾವಿಗಳು ಹೆಚ್ಚಿನವು ಮುರಕಲ್ಲು ಕಡಿದು ತೋಡಿದವು. ಮುರಕಲ್ಲು ಎಂದರೆ ಲಕ್ಷಾಂತರ ವರ್ಷ ಮಳೆ ತೊಳೆದು, ಕರಗುವುದೆಲ್ಲ ಕರಗಿ ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡ್ ಮಾತ್ರ ಉಳಿದ ಕಲ್ಲು. ಕ್ಯಾಲ್ಸಿಯಂ, ಮೆಗ್ನೀಷಿಯಂ ಎಂದೋ ಕಡಲು ಸೇರಿವೆ. ಅದರ ಮೂಲಕ ಇಳಿದು ಬರುವ ನೀರಿಗೆ ಹೊತ್ತು ತರಲು ಏನೂ ಉಳಿದಿಲ್ಲ. ಆದ್ದರಿಂದ ಇಲ್ಲಿಯ ಬಾವಿ ನೀರು ಮೆದು ಮತ್ತು ಹುಳಿ: ಪಿಎಚ್ ಹೆಚ್ಚಾಗಿ 5.5ರಿಂದ 6.5ರ ನಡುವೆ, ಕರಗಿದ ಒಟ್ಟು ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ ನೂರರೊಳಗೆ. ಒಂದು ಎಚ್ಚರಿಕೆ: ಬಾವಿಯಿಂದ ಆಗಷ್ಟೇ ಸೇದಿದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ, ಅಳೆದರೆ ಪಿಎಚ್ ನಿಜಕ್ಕಿಂತ ಕೆಳಗೆ ತೋರಿಸುತ್ತದೆ. ಒಂದು ಬಾಲ್ದಿಯಲ್ಲಿ ಒಂದು ದಿನ ಇಟ್ಟು, ಆಮೇಲೆ ಅಳೆಯಿರಿ.

ಪಿಎಚ್‌ಗಿಂತ ಮುಖ್ಯವಾದದ್ದು ಕೆಎಚ್, ಅಂದರೆ ಆಮ್ಲವನ್ನು ತಡೆದುಕೊಳ್ಳುವ ಶಕ್ತಿ. ಬಾವಿ ನೀರಿನಲ್ಲಿ ಅದು ಒಂದು ಡಿಗ್ರಿಯ ಆಸುಪಾಸು, ಕೆಲವು ಕಡೆ ಅದೂ ಇಲ್ಲ. ಇದರಿಂದ ಏನಾಗುತ್ತದೆ ಎಂದು ಲೆಕ್ಕ ಹಾಕಿ. ಮೀನಿನ ಹೊಲಸಿನಿಂದ ಅಮೋನಿಯ ಬರುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಈ ಕೆಲಸದಲ್ಲಿ ಆಮ್ಲ ಹುಟ್ಟಿ ಕೆಎಚ್ ಕರಗುತ್ತದೆ. ಗಿಡವಿಲ್ಲದ ಟ್ಯಾಂಕಿನಲ್ಲಿ ನೈಟ್ರೇಟ್ ಲೀಟರಿಗೆ 11 ಮಿಲಿಗ್ರಾಂ ಏರುವಷ್ಟರಲ್ಲಿ ಕೆಎಚ್ ಒಂದು ಡಿಗ್ರಿ ಮುಗಿದಿರುತ್ತದೆ. ಇದ್ದದ್ದೇ ಒಂದು ಡಿಗ್ರಿ ಆದರೆ ಅಲ್ಲಿಂದ ಪಿಎಚ್ ಧೊಪ್ಪನೆ ಬೀಳುತ್ತದೆ, 6ಕ್ಕಿಂತ ಕೆಳಗೆ ಹೋದರೆ ಬ್ಯಾಕ್ಟೀರಿಯಾಗಳ ಕೆಲಸವೇ ನಿಧಾನವಾಗುತ್ತದೆ, ಅಮೋನಿಯ ಹಾಗೇ ಕೂಡುತ್ತ ಹೋಗುತ್ತದೆ.

ಹುಳಿ ನೀರಿನಲ್ಲಿ ಆ ಅಮೋನಿಯ ಅಷ್ಟೇನೂ ವಿಷವಲ್ಲ, ಅಮೋನಿಯಂ ರೂಪದಲ್ಲಿ ಅಡಗಿರುತ್ತದೆ. ಮೀನು ಚೆನ್ನಾಗಿಯೇ ಇರುತ್ತದೆ. "ಎರಡು ತಿಂಗಳಾಯಿತು, ನೀರು ಬದಲಾಯಿಸದೆಯೂ ಏನೂ ತೊಂದರೆಯಿಲ್ಲ" ಎಂದು ಧೈರ್ಯವಾಗಿರುತ್ತೀರಿ. ಒಂದು ದಿನ ಟ್ಯಾಂಕ್ ತೊಳೆಯುವ ಉಮೇದು ಬಂದು, ಹೊಸ ಸಿಮೆಂಟ್ ತೊಟ್ಟಿಯ ನೀರನ್ನು ಅರ್ಧ ಟ್ಯಾಂಕಿಗೆ ಸುರಿಯುತ್ತೀರಿ. ಹೊಸ ಸಿಮೆಂಟಿನ ನೀರಿನ ಪಿಎಚ್ 8 ದಾಟುವುದು ಮಾಮೂಲು. 28 ಡಿಗ್ರಿ ಶಾಖದಲ್ಲಿ, ಪಿಎಚ್ 6.5 ಇದ್ದಾಗ ಒಟ್ಟು ಅಮೋನಿಯದಲ್ಲಿ ವಿಷದ ರೂಪದ್ದು ನೂರಕ್ಕೆ 0.2ರಷ್ಟು. 8ಕ್ಕೆ ಏರಿದರೆ ನೂರಕ್ಕೆ 6.5. ಮೂವತ್ತು ಪಟ್ಟು! ಬೆಳಿಗ್ಗೆ ಎದ್ದು ನೋಡಿದರೆ ಮೀನುಗಳೆಲ್ಲ ಮೇಲೆ ತೇಲುತ್ತಿರುತ್ತವೆ. ಹೊಸ ನೀರಿನ ಮೇಲೆ, ಇಲ್ಲವೇ ಮೀನು ಕೊಟ್ಟ ಅಂಗಡಿಯ ಮೇಲೆ ತಪ್ಪು ಹೊರಿಸುತ್ತೇವೆ. ತಪ್ಪು ಎರಡು ತಿಂಗಳ ಹಳೆಯದು.

ಮದ್ದು ಆ ಬಲಗಡೆಯ ಲೋಟದಲ್ಲಿದೆ. ಮರುವಾಯಿ ಸುಕ್ಕ ಮಾಡಿದ ದಿನ ಚಿಪ್ಪನ್ನು ತೊಳೆದು, ಮಸಾಲೆಯ ಜಿಡ್ಡು ಹೋಗುವಂತೆ ಹತ್ತು ನಿಮಿಷ ಕುದಿಸಿ, ಒಣಗಿಸಿ, ಜಜ್ಜಿ. ಸುಮಾರು 50 ಗ್ರಾಂ ಚೂರನ್ನು ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನ ನೀರು ಹರಿಯುವಲ್ಲಿ ಇಡಿ. ನೀರು ಹುಳಿಯಾದಷ್ಟೂ ಹೆಚ್ಚು ಕರಗುತ್ತದೆ, ಹುಳಿ ಇಳಿದರೆ ಕರಗುವುದೂ ನಿಧಾನವಾಗುತ್ತದೆ. ತಳಕ್ಕೆ ಹಾಸಿದರೆ ತೆಗೆಯಲಾಗದು. ಚೀಲದಲ್ಲಿದ್ದರೆ ಬೇಡವಾದಾಗ ತೆಗೆದಿಡಬಹುದು, ಅಷ್ಟೇ ವ್ಯತ್ಯಾಸ. ಕೆಎಚ್ 2ರಿಂದ 3 ಡಿಗ್ರಿ ಇದ್ದರೆ ಸಾಕು. ಕೂಡಲೇ ಏರಿಸಬೇಕಿದ್ದರೆ ಅಡುಗೆ ಸೋಡಾ: 100 ಲೀಟರಿಗೆ 3 ಗ್ರಾಂ ಹಾಕಿದರೆ ಕೆಎಚ್ ಒಂದು ಡಿಗ್ರಿ ಏರುತ್ತದೆ. ಮೀನು ಇರುವ ಟ್ಯಾಂಕಿಗಾದರೆ ಮೊದಲು ಅಮೋನಿಯ ಅಳೆದು, ಇಲ್ಲವೆಂದು ಖಾತ್ರಿಯಾದ ಮೇಲೆ ಮಾತ್ರ. ಕಾರಣ ಈಗಷ್ಟೇ ಹೇಳಿದ್ದು.

ನಲ್ಲಿ ನೀರಿನವರಿಗೂ ಕಥೆ ಬೇರೆಯೇನಲ್ಲ. ಮಂಗಳೂರಿಗೆ ತುಂಬೆಯಿಂದ ಬರುವ ನೇತ್ರಾವತಿಯಾಗಲಿ, ಉಡುಪಿಗೆ ಬಜೆಯಿಂದ ಬರುವ ಸ್ವರ್ಣಾ ಆಗಲಿ, ಘಟ್ಟದ ಮಳೆಯ ನೀರೇ. ಅದರಲ್ಲಿ ಕ್ಲೋರಿನ್ ಇರುತ್ತದೆ. ಬಾಲ್ದಿಯಲ್ಲಿ 24 ಗಂಟೆ ಗಾಳಿ ಹಾಯಿಸಿ ಇಡಿ, ಇಲ್ಲವೇ ಸೋಡಿಯಂ ಥಯೋಸಲ್ಫೇಟ್ ಹಾಕಿ. 10 ಗ್ರಾಂ ಹರಳನ್ನು 100 ಮಿ.ಲೀ. ನೀರಿನಲ್ಲಿ ಕರಗಿಸಿಟ್ಟುಕೊಂಡರೆ, 10 ಲೀಟರ್ ನಲ್ಲಿ ನೀರಿಗೆ ಅದರಲ್ಲಿ 1 ಮಿ.ಲೀ. ಸಾಕು.

ಅಳಿವೆಯ ಹತ್ತಿರ, ಉಳ್ಳಾಲ, ಉದ್ಯಾವರದ ಕಡೆ ಇರುವವರು ಏಪ್ರಿಲ್‌, ಮೇಯಲ್ಲಿ ಬಾವಿಗೆ ಉಪ್ಪು ನುಗ್ಗುವುದನ್ನು ಮರೆಯಬೇಡಿ. ಆ ಎರಡು ತಿಂಗಳು ಪ್ರತಿ ಸಲ ಟಿಡಿಎಸ್ ನೋಡಿಯೇ ನೀರು ಹಾಕಿ.

ಇಲ್ಲೊಂದು ಪ್ರಶ್ನೆ ಬಂದಿದೆ: "ನಮ್ಮದು ತೋಟದ ನಡುವಿನ ಮನೆ. ಮಳೆಗಾಲದಲ್ಲಿ ಮಾತ್ರ ಸೀಗಡಿ, ಬಸವನಹುಳು ಸಾಯುತ್ತವೆ, ಮೀನಿಗೇನೂ ಆಗುವುದಿಲ್ಲ. ಯಾಕೆ?" ಅಡಿಕೆಗೆ ಕೊಳೆರೋಗದ ಮದ್ದು ಬಿಡುತ್ತೀರಲ್ಲ, ಮೊದಲು ಅದನ್ನೇ ಅನುಮಾನಿಸಬೇಕು. ಬೋರ್ಡೋ ದ್ರಾವಣ ಎಂದರೆ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ. ಮೈಲುತುತ್ತಿನಲ್ಲಿರುವ ತಾಮ್ರ ಚಿಪ್ಪಿನ ಜೀವಿಗಳಿಗೆ ಘೋರ ವಿಷ, ಅದೂ ನಮ್ಮಂಥ ಮೆದು ನೀರಿನಲ್ಲಿ ಇನ್ನೂ ಜಾಸ್ತಿ. ಮದ್ದು ಕಲಸಿದ ಬಾಲ್ದಿ, ಪೈಪು, ಕೈ ಯಾವುದೂ ಟ್ಯಾಂಕಿನ ಹತ್ತಿರ ಬರಬಾರದು. ಅಕ್ವೇರಿಯಂಗೆ ಒಂದು ಬಾಲ್ದಿ ಬೇರೆಯೇ ಇಡಿ, ಅದಕ್ಕೆ ಸಾಬೂನೂ ಮುಟ್ಟಿಸಬೇಡಿ. ಸಿಂಪಡಣೆಯ ದಿನಗಳಲ್ಲಿ ತೋಟದೊಳಗಿನ ತೆರೆದ ಬಾವಿಯ ನೀರು ಬೇಡ. ಒಂದು ವಾರದ ನೀರು ಮೊದಲೇ ತುಂಬಿಸಿಡಿ.

ತಳ

ಇನ್ನು ಮುಂದಿನ ಲೆಕ್ಕವೆಲ್ಲ 24 ಇಂಚು ಉದ್ದ, 12 ಇಂಚು ಅಗಲ, 15 ಇಂಚು ಎತ್ತರದ ಟ್ಯಾಂಕಿಗೆ. ಇಲ್ಲಿ ಸುಲಭವಾಗಿ ಸಿಗುವ, ಹೊಸಬರಿಗೆ ಒಪ್ಪುವ ಅಳತೆ. ಪೂರ್ತಿ ತುಂಬಿದರೆ 70 ಲೀಟರ್. ಐದು ಸೆಂ.ಮೀ. ತಳ ಹಾಕಿ, ಮೇಲೆ ನಾಲ್ಕು ಸೆಂ.ಮೀ. ಖಾಲಿ ಬಿಟ್ಟರೆ ನಿಲ್ಲುವ ನೀರು 54 ಲೀಟರ್. ಗಾಜು, ಹೊಯಿಗೆ, ನೀರು ಎಲ್ಲ ಸೇರಿ 85 ಕೆ.ಜಿ. ಹತ್ತಿರ. ಪುಸ್ತಕದ ಕಪಾಟಿನ ಮೇಲೆ ಇಡುವ ಯೋಚನೆ ಇದ್ದರೆ ಇಲ್ಲಿಗೇ ಬಿಡಿ. ಮೇಜು ಸಮತಟ್ಟಾಗಿರಬೇಕು, ಗಾಜಿನ ಕೆಳಗೆ ಅರ್ಧ ಇಂಚಿನ ಥರ್ಮಾಕೋಲ್ ಇರಬೇಕು, ಕಿಟಕಿಯ ಬಿಸಿಲು ನೇರ ಬೀಳಬಾರದು.

ಹೊಯಿಗೆಯ ಲೆಕ್ಕ ಸುಲಭ. ಉದ್ದ, ಅಗಲ, ದಪ್ಪ ಸೆಂ.ಮೀ.ನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೀಟರ್, ಲೀಟರಿಗೆ 1.6 ಕೆ.ಜಿ. ಎಂದು ಹಿಡಿಯಿರಿ. ನಮ್ಮ ಟ್ಯಾಂಕಿಗೆ 9.3 ಲೀಟರ್, ಅಂದರೆ 15 ಕೆ.ಜಿ. ಮುಂದೆ 4 ಸೆಂ.ಮೀ., ಹಿಂದಕ್ಕೆ ಹೋಗುತ್ತ 6-7 ಸೆಂ.ಮೀ. ಇಳಿಜಾರು ಮಾಡಿ. ನುಣ್ಣಗಿನ ಹೊಯಿಗೆ 8 ಸೆಂ.ಮೀ. ಮೀರಿದರೆ ತಳದಲ್ಲಿ ಆಮ್ಲಜನಕ ಇಲ್ಲದೆ ಕೊಳೆತ ಮೊಟ್ಟೆಯ ವಾಸನೆಯ ಗಾಳಿ ಕಟ್ಟಿಕೊಳ್ಳುತ್ತದೆ.

ಯಾವ ಹೊಯಿಗೆ? ಹೊಳೆಯದ್ದು, ಕಾಳು 1ರಿಂದ 3 ಮಿ.ಮೀ. ಗಾತ್ರದ್ದು. ಮನೆ ಕಟ್ಟುತ್ತಿರುವ ನೆಂಟರಲ್ಲಿ ಒಂದು ಗೋಣಿ ಕೇಳಿದರೆ ಆಯಿತು, ಸಿಮೆಂಟ್ ಬೆರೆಯದ ರಾಶಿಯಿಂದ. ಅಳಿವೆಯ ಹತ್ತಿರ ತೆಗೆದದ್ದಾದರೆ ಚಿಪ್ಪೂ ಉಪ್ಪೂ ಇರುತ್ತವೆ, ವಿನೆಗರ್ ಪರೀಕ್ಷೆ ಮಾಡದೆ ಹಾಕಬೇಡಿ. ಎಂ-ಸ್ಯಾಂಡ್ ಬೇಡ. ಅದು ಒಡೆದ ಕಲ್ಲು, ಅಂಚು ಚೂಪು. ತಳ ಕೆದಕುವ ಮೀನಿನ ಮೀಸೆ ಸವೆದು ಹೋಗುತ್ತದೆ. ಅಂಗಡಿಯ ನೀಲಿ, ಗುಲಾಬಿ ಕಲ್ಲು ದಪ್ಪದ್ದಾದರೆ ಸಂದಿಯಲ್ಲಿ ತಿನಿಸು ಇಳಿದು ಕೊಳೆಯುತ್ತದೆ, ಬೇರು ಹಿಡಿಯುವುದೂ ಕಷ್ಟ. ಬಣ್ಣದ ರುಚಿ ಅವರವರದ್ದು, ಅದರ ಬಗ್ಗೆ ಮಾತಿಲ್ಲ.

ತೊಳೆಯುವುದು ಬೇಸರದ ಕೆಲಸ, ಆದರೆ ಇದರಲ್ಲಿ ಕಳ್ಳಾಟ ಮಾಡಿದರೆ ವಾರಗಟ್ಟಲೆ ನೀರು ಮಬ್ಬು. ಮೂರು ಮೂರು ಕೆ.ಜಿ. ಬಾಲ್ದಿಗೆ ಹಾಕಿ, ನೀರು ತುಂಬಿಸಿ, ಕೈಯಿಂದ ಅಕ್ಕಿ ತೊಳೆದ ಹಾಗೆ ಕಲಕಿ ಬಗ್ಗಿಸಿ. ಎಂಟು ಹತ್ತು ಸಲ. ಬಗ್ಗಿಸಿದ ನೀರಿನಲ್ಲಿ ಬಾಲ್ದಿಯ ತಳ ಕಾಣಬೇಕು.

ಹೊಯಿಗೆಯಲ್ಲಿ ಗಿಡಕ್ಕೆ ತಿನ್ನಲು ಏನೂ ಇಲ್ಲ. ಇಲ್ಲಿ ನಮ್ಮ ಮುರಕಲ್ಲು ಉಪಕಾರಕ್ಕೆ ಬರುತ್ತದೆ. ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರಿಟ್ಟವರು ಫ್ರಾನ್ಸಿಸ್ ಬುಕಾನನ್, 1807ರಲ್ಲಿ, ಮಲಬಾರಿನ ಅಂಗಡಿಪುರದಲ್ಲಿ ಕಂಡದ್ದನ್ನು ವರ್ಣಿಸುತ್ತ. ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಮಾತದು. ಯುರೋಪಿನ ಅಕ್ವೇರಿಯಂ ಪ್ರಿಯರು 1980ರ ದಶಕದಲ್ಲಿ ಇದನ್ನೇ ಪೊಟ್ಟಣದಲ್ಲಿ ಕೊಂಡು ಟ್ಯಾಂಕಿನ ತಳಕ್ಕೆ ಹಾಕುತ್ತಿದ್ದರು. ನಮಗೆ ಅದು ಹಿತ್ತಲ ದರೆಯಲ್ಲಿದೆ. ತಳದಲ್ಲಿ ಆಮ್ಲಜನಕ ಕಡಿಮೆ ಇರುವಲ್ಲಿ ಇದರ ಕಬ್ಬಿಣ ಬೇರಿಗೆ ದಕ್ಕುವ ರೂಪಕ್ಕೆ ಬರುತ್ತದೆ. ಕಬ್ಬಿಣ ಬಿಟ್ಟರೆ ಇದರಲ್ಲಿ ಬೇರೆ ಗೊಬ್ಬರವಿಲ್ಲ ಎಂಬುದೂ ನೆನಪಿರಲಿ.

ಹಾಕುವ ಕ್ರಮ ಹೀಗೆ. ಗಾರೆ ಮೆತ್ತಿರದ, ಗೊಬ್ಬರ ಬೀಳದ ಜಾಗದ ಕಲ್ಲನ್ನು ಕುಟ್ಟಿ 1ರಿಂದ 4 ಮಿ.ಮೀ. ಚೂರು ಮಾಡಿ, ಪುಡಿ ಹೋಗುವಂತೆ ತೊಳೆಯಿರಿ. ಅರ್ಧ ಕೆ.ಜಿ. ಚೂರನ್ನು ಸುಮಾರು ಐದು ಕೆ.ಜಿ. ಹೊಯಿಗೆಗೆ ಬೆರೆಸಿ, ಒದ್ದೆ ಇರುವಾಗಲೇ ತಳದಲ್ಲಿ 2 ಸೆಂ.ಮೀ. ಹಾಸಿ. ಮುಂದಿನ ಗಾಜಿಗೆ ತಾಗದಂತೆ 3 ಸೆಂ.ಮೀ. ಅಂಚು ಬಿಡಿ, ಇಲ್ಲದಿದ್ದರೆ ಹೊರಗಿನಿಂದ ಕೆಂಪು ಗೆರೆ ಕಾಣುತ್ತದೆ. ಮೇಲೆ ಉಳಿದ ಬರೇ ಹೊಯಿಗೆ. ಆಮೇಲೆ ಗಿಡ ಕಿತ್ತು ಮತ್ತೆ ನೆಡುವ ಆಟ ಆಡಬೇಡಿ. ಕೆಳಗಿನ ಕೆಂಪು ಮೇಲೆ ಬಂದರೆ ಎರಡು ದಿನ ಮೊದಲ ಮಳೆಯ ಹೊಳೆಯ ಹಾಗೆ ನೀರು.

"ಆಕ್ವಾ ಸಾಯಿಲ್ ಹಾಕಿದರೆ ಆಗುವುದಿಲ್ಲವೇ?" ಅಕ್ವೇರಿಯಂ ಗಿಡಕ್ಕೆಂದು ಅಂಗಡಿಯಲ್ಲಿ ಮಾರುವ ಮಣ್ಣಿನ ಗುಳಿಗೆ ಅದು. ಆಗುತ್ತದೆ. ಒಳ್ಳೆಯ ವಸ್ತು, ಗೊಬ್ಬರವೂ ಇದೆ. ಆದರೆ ಅದನ್ನು ಮಾಡಿದ್ದು ಗಡಸು ನೀರಿನ ಊರಿನವರಿಗೆ, ಪಿಎಚ್ ಇಳಿಸಲಿಕ್ಕೆ. ನಮ್ಮಲ್ಲಿ ಇಳಿಸಲು ಏನಿದೆ? ಪಿಎಚ್ ಇಳಿಸುವುದಕ್ಕೆಂದೇ ಇಲ್ಲಿ ಅದಕ್ಕೆ ದುಡ್ಡು ಸುರಿಯುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಹಾಕಿಯೇ ಹಾಕುತ್ತೀರಾದರೆ ಮೊದಲ ಮೂರು ನಾಲ್ಕು ವಾರ ಅದು ತಾನೇ ಅಮೋನಿಯ ಬಿಡುತ್ತದೆ, ಮೀನು ಬಿಡಬೇಡಿ.

ಗಿಡ

ಅಂಗಡಿಯಲ್ಲಿ ನೀರಿನಲ್ಲಿ ನಿಲ್ಲಿಸಿದ್ದೆಲ್ಲ ನೀರಿನ ಗಿಡವಲ್ಲ. ಲಕ್ಕಿ ಬ್ಯಾಂಬೂ ಎಂದು ಕೊಡುವ ಡ್ರಸೀನಾವನ್ನು ಮುಳುಗಿಸಿದರೆ ನಿಧಾನವಾಗಿ ಕೊಳೆಯುತ್ತದೆ. ಇನ್ನೊಂದು ಗೊಂದಲ ಹೆಸರಿನದ್ದು: ಬ್ರಾಹ್ಮಿ ಎಂದು ಇಲ್ಲಿ ಎರಡನ್ನು ಕರೆಯುತ್ತಾರೆ. ತಂಬುಳಿ ಮಾಡುವ ತಿಮರೆ, ಅಂದರೆ ಒಂದೆಲಗ, ಟ್ಯಾಂಕಿಗಲ್ಲ. ದಪ್ಪ ಸಣ್ಣೆಲೆಯ ನೀರುಬ್ರಾಹ್ಮಿ, ಅಂದರೆ ಬಕೋಪಾ ಮೊನಿಯೇರಿ, ಮುಳುಗಿಯೂ ಚೆನ್ನಾಗಿ ಬದುಕುತ್ತದೆ.

ಹೊಸ ಟ್ಯಾಂಕಿಗೆ ಮೊದಲ ದಿನವೇ ತಳದ ಅರ್ಧಕ್ಕಿಂತ ಹೆಚ್ಚು ಜಾಗ ಗಿಡದಿಂದ ಮುಚ್ಚಬೇಕು. ಮೂರು ಕಡ್ಡಿ ನೆಟ್ಟು ಬೆಳೆಯಲಿ ಎಂದು ಕಾದರೆ ಬೆಳೆಯುವುದು ಪಾಚಿ. ಹಿಂದಿನ ಸಾಲಿಗೆ ಬೇಗ ಬೆಳೆಯುವ ಹೈಗ್ರೋಫಿಲಾ, ಲಿಮ್ನೋಫಿಲಾ; ನಡುವೆ ಕ್ರಿಪ್ಟೊಕೋರಿನ್ ವೆಂಟಿ ಐದಾರು ಬುಡ; ಮರದ ತುಂಡಿಗೆ ಕಟ್ಟಿದ ಅನೂಬಿಯಸ್, ಜಾವಾ ಫರ್ನ್; ಮೇಲೆ ತೇಲಲು ನೀರುಜರಿ ಸ್ವಲ್ಪ. ಉದ್ದ ರಿಬ್ಬನ್‌ನಂಥ ವ್ಯಾಲಿಸ್ನೇರಿಯಾ ಎಲ್ಲ ಪಟ್ಟಿಯಲ್ಲೂ ಮೊದಲು ಬರುತ್ತದೆ, ನಮ್ಮ ಬಾವಿ ನೀರಿನಲ್ಲಿ ಮಾತ್ರ ಎಲೆ ಕರಗುತ್ತದೆ. ಅದು ಬೈಕಾರ್ಬೊನೇಟ್ ಇರುವ ನೀರಿನ ಗಿಡ. ಕ್ರಿಪ್ಟೊಕೋರಿನ್, ಲ್ಯಾಜಿನಾಂಡ್ರಾ, ರೋಟಾಲಾಗಳು ಹಾಗಲ್ಲ. ಇವುಗಳ ಹಲವು ಜಾತಿಗಳು ಪಶ್ಚಿಮ ಘಟ್ಟದ ತೋಡುಗಳಲ್ಲೇ ಹುಟ್ಟಿ ಬೆಳೆಯುವವು, ಹುಳಿ ನೀರು ಅವಕ್ಕೆ ತವರು. ಹಾಗೆಂದು ತೋಡಿಗಿಳಿದು ಕೀಳಬೇಡಿ, ಬೆಳೆಸಿ ಮಾರುವವರಿದ್ದಾರೆ.

ನೆಡುವ ಮುಂಚೆ ಕುಂಡದ ಹತ್ತಿಯಂಥ ರಾಕ್‌ವೂಲ್ ಅನ್ನು ಚಿಮುಟದಿಂದ ಪೂರ್ತಿ ಬಿಡಿಸಿ. ಬಸವನಹುಳುವಿನ ಮೊಟ್ಟೆ ಬೇಡವೆಂದರೆ ಲೀಟರ್ ನೀರಿಗೆ ಅರ್ಧ ಟೀ ಚಮಚ ಪಟಿಕದ ಪುಡಿ ಕರಗಿಸಿ, ಎರಡು ಮೂರು ಗಂಟೆ ಅದ್ದಿ ತೊಳೆಯಿರಿ. ಬೇರನ್ನು 3 ಸೆಂ.ಮೀ.ಗೆ ಕತ್ತರಿಸಿ, ಚಿಮುಟದಲ್ಲಿ ಹಿಡಿದು ಓರೆಯಾಗಿ ಚುಚ್ಚಿ, ಆಮೇಲೆ ಸ್ವಲ್ಪ ಮೇಲಕ್ಕೆ ಎಳೆಯಿರಿ. ಕ್ರಿಪ್ಟೊಕೋರಿನ್‌ನ ಬೇರೂ ಎಲೆಯೂ ಕೂಡುವ ಜಾಗ ಹೊಯಿಗೆಯ ಮೇಲೆಯೇ ಇರಬೇಕು. ಅನೂಬಿಯಸ್‌ನ ದಪ್ಪ ಗೆಡ್ಡೆಯನ್ನಂತೂ ಹೂಳಲೇಬಾರದು. ಹೂತರೆ ಕೊಳೆಯುತ್ತದೆ, ಕೊಳೆತದ್ದು ಗೊತ್ತಾಗುವುದು ಒಂದು ತಿಂಗಳ ನಂತರ, ಎಲೆಗಳು ತಾವಾಗಿಯೇ ಬಿಟ್ಟು ತೇಲಿದಾಗ. ಮರದ ತುಂಡಿಗೆ ಕಪ್ಪು ದಾರದಿಂದ ಕಟ್ಟಿ.

ಎರಡನೇ ವಾರ ಕ್ರಿಪ್ಟೊಕೋರಿನ್ ಎಲೆಗಳು ಲೋಳೆಯಾಗಿ ಕರಗಬಹುದು. ಗಾಬರಿಯಾಗಿ ಕಿತ್ತು ಬಿಸಾಡುವವರೇ ಹೆಚ್ಚು. ಆ ಎಲೆಗಳು ನರ್ಸರಿಯಲ್ಲಿ ನೀರಿನ ಹೊರಗೆ ಬೆಳೆದವು, ಮುಳುಗಿದ ಮೇಲೆ ಉಳಿಯುವುದಿಲ್ಲ. ಕರಗಿದ್ದನ್ನು ಕತ್ತರಿಸಿ ತೆಗೆಯಿರಿ, ಬುಡ ಮುಟ್ಟಬೇಡಿ. ಮೂರು ನಾಲ್ಕು ವಾರದಲ್ಲಿ ನೀರಿನ ಎಲೆ ಬರುತ್ತದೆ.

ಬೆಳಕು 10-12 ವ್ಯಾಟ್‌ನ ಎಲ್‌ಇಡಿ, ಮೊದಲ ತಿಂಗಳು ದಿನಕ್ಕೆ 6 ಗಂಟೆ, ಆಮೇಲೆ 8. ಟೈಮರ್ ಹಾಕಿ, ಮರೆತು ಹೋಗುವುದು ನಮ್ಮೆಲ್ಲರ ಗುಣ.

ಗೊಬ್ಬರದ ವಿಷಯದಲ್ಲಿ ಗಿಡದ ಎಲೆಯೇ ಹೇಳುತ್ತದೆ. ಹಳೆಯ ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತು ಕಂಡರೆ ಪೊಟ್ಯಾಷಿಯಂ ಇಲ್ಲ. ಹಳೆಯ ಎಲೆಯ ನರ ಹಸಿರಿದ್ದು ನಡುವೆ ಬಿಳಚಿದರೆ ಮೆಗ್ನೀಷಿಯಂ. ಹೊಸ ಎಲೆ ಹಳದಿಯಾದರೆ ಕಬ್ಬಿಣ, ಮುರುಟಿದರೆ ಕ್ಯಾಲ್ಸಿಯಂ. ಕ್ಯಾಲ್ಸಿಯಂಗೆ ಚಿಪ್ಪಿನ ಚೀಲವೇ ಸಾಕು. ಅಡಿಕೆ ಬುಡಕ್ಕೆ ಹಾಕುವ ಮೆಗ್ನೀಷಿಯಂ ಸಲ್ಫೇಟ್ ವಾರಕ್ಕೆ ಎರಡೂವರೆ ಗ್ರಾಂ ಹಾಕಿದರೆ 50 ಲೀಟರ್ ನೀರಿನಲ್ಲಿ ಮೆಗ್ನೀಷಿಯಂ 5 ಪಿಪಿಎಂ (ಲೀಟರಿಗೆ 5 ಮಿಲಿಗ್ರಾಂ) ಏರುತ್ತದೆ. ಪೊಟ್ಯಾಷಿಯಂ ಸಲ್ಫೇಟ್ ಅರ್ಧ ಗ್ರಾಂ ಸಾಕು.

ಮೀನು ಬಿಡುವ ಮೊದಲಿನ ಒಂದು ತಿಂಗಳು

ತಳದ ಮೇಲೆ ಒಂದು ತಟ್ಟೆ ಇಟ್ಟು, ಅದರ ಮೇಲೆ ನೀರು ಸುರಿಯಿರಿ. ಫಿಲ್ಟರ್ ಗಂಟೆಗೆ 250-300 ಲೀಟರ್ ಹಾಯಿಸುವಂಥದ್ದು ಸಾಕು. ಕೆಎಚ್ ಅನ್ನು 3ಕ್ಕೆ ತನ್ನಿ. ಇನ್ನು ಬ್ಯಾಕ್ಟೀರಿಯಾ ಬೆಳೆಸಬೇಕು, ಅದಕ್ಕೆ ಅಮೋನಿಯ ಬೇಕು. ಕಲಾಯಿ ಹಾಕುವವರ ನವಸಾಗರ ಗೊತ್ತಲ್ಲ, ಅದೇ ಅಮೋನಿಯಂ ಕ್ಲೋರೈಡ್. ಕಲಾಯಿಯವರದ್ದರಲ್ಲಿ ಕಲ್ಮಶ ಇರುತ್ತದೆ. ಪ್ರಯೋಗಾಲಯದ ಸಾಮಾನು ಮಾರುವಲ್ಲಿ ಶುದ್ಧವಾದದ್ದು ತನ್ನಿ. ನಮ್ಮ ಟ್ಯಾಂಕಿಗೆ 0.35 ಗ್ರಾಂ ಹಾಕಿದರೆ 2 ಪಿಪಿಎಂ. ಎರಡು ದಿನಕ್ಕೊಮ್ಮೆ ಅಳೆಯಿರಿ, ಶೂನ್ಯಕ್ಕೆ ಬಂದಾಗ ಮತ್ತೆ ಅಷ್ಟೇ ಹಾಕಿ. ಹಾಕಿದ 24 ಗಂಟೆಯಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಶೂನ್ಯವಾದ ದಿನ ಟ್ಯಾಂಕ್ ಸಿದ್ಧ. ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ರೋಗವಿಲ್ಲದ ಹಳೆಯ ಟ್ಯಾಂಕಿನ ಸ್ಪಂಜು ಹಿಂಡಿದ ಕೊಳೆ ನೀರು ಯಾರಾದರೂ ಕೊಟ್ಟರೆ ಅರ್ಧ ಸಮಯ ಉಳಿಯುತ್ತದೆ. ಮೊಸರಿಗೆ ಹೆಪ್ಪು ಹಾಕಿದ ಹಾಗೆಯೇ. ಮೀನು ಬಿಡುವ ಹಿಂದಿನ ದಿನ ಅರ್ಧ ನೀರು ಬದಲಾಯಿಸಿ, ಕೂಡಿದ ನೈಟ್ರೇಟ್ ಹೋಗಲಿ.

ಮೀನು

ಮೊದಲು ಬೇಡದವು. ಮೋಲಿ, ಗಪ್ಪಿ, ಪ್ಲಾಟಿಗಳನ್ನು ಹೊಸಬರಿಗೆ ಸುಲಭ ಎಂದು ಕೊಡುತ್ತಾರೆ. ಗಡಸು ನೀರಿನಲ್ಲಿ ಸುಲಭವೇ. ನಮ್ಮ ಬಾವಿ ನೀರಿನಲ್ಲಿ ಮೋಲಿ ಒಂದೇ ಜಾಗದಲ್ಲಿ ನಿಂತು ಮೈ ನಡುಗಿಸುತ್ತದೆ, ರೆಕ್ಕೆ ಮಡಚಿಕೊಳ್ಳುತ್ತದೆ. ಮದ್ದು ಹಾಕಿ ಪ್ರಯೋಜನವಿಲ್ಲ, ಅದಕ್ಕೆ ಬೇಕಾದ್ದು ಖನಿಜ. ಗೋಲ್ಡ್‌ಫಿಶ್ ತಣ್ಣೀರಿನದ್ದು, ಹೊಲಸೂ ಜಾಸ್ತಿ, ಬೆಳೆದರೆ ಈ ಟ್ಯಾಂಕ್ ಒಂದಕ್ಕೇ ಸಾಲದು. ಪಾಚಿ ತಿನ್ನುತ್ತದೆ ಎಂದು ಕೊಡುವ ಸಕ್ಕರ್ ಮೀನು ಒಂದೂವರೆ ಅಡಿ ಬೆಳೆಯುವಂಥದ್ದು. ವಾಸ್ತುವಿಗೆ ಅರೋವಾನಾ ಕೇಳುವವರಿಗೆ ಒಂದೇ ಮಾತು: ಎರಡಡಿ ಟ್ಯಾಂಕಿನಲ್ಲಿ ಎರಡಡಿ ಬೆಳೆಯುವ ಮೀನು ಯಾವ ದಿಕ್ಕಿಗೆ ಮುಖ ಮಾಡಿದರೂ ಕಷ್ಟವೇ.

ನಿಯಾನ್ ಟೆಟ್ರಾಗೆ ಹುಳಿ ನೀರು ಇಷ್ಟ, ಆದರೆ ಶಾಖ 26 ಮೀರಿದರೆ ಕಷ್ಟ. ನಮ್ಮಲ್ಲಿ ಏಪ್ರಿಲ್‌ನಲ್ಲಿ ಟ್ಯಾಂಕ್ 31 ಮುಟ್ಟುತ್ತದೆ. ಅದರ ಬದಲು ಕಾರ್ಡಿನಲ್ ಟೆಟ್ರಾ ಕೇಳಿ, ಬಿಸಿ ತಾಳುತ್ತದೆ. ಗುರುತು ಹೊಟ್ಟೆಯ ಕೆಂಪು ಪಟ್ಟೆ: ನಿಯಾನ್‌ನದ್ದು ಅರ್ಧ ಮೈಗೆ, ಕಾರ್ಡಿನಲ್‌ನದ್ದು ತಲೆಯಿಂದ ಬಾಲದವರೆಗೆ.

ಈ 54 ಲೀಟರಿಗೆ ನಮ್ಮ ಆಯ್ಕೆ: ಹಾರ್ಲೆಕ್ವಿನ್ ರಾಸ್ಬೋರಾ ಎಂಟು, ಕೂಲಿ ಲೋಚ್ ಐದು, ಹನಿ ಗೌರಾಮಿ ಒಂದು. ರಾಸ್ಬೋರಾ ನಡುನೀರಿನಲ್ಲಿ ಗುಂಪಾಗಿ ಓಡಾಡುತ್ತದೆ. ಎರಡು ಮೂರು ತಂದರೆ ಮೂಲೆಯಲ್ಲಿ ಅಡಗುತ್ತದೆ. ಲೋಚ್ ಹೊಯಿಗೆಯಲ್ಲಿ ನುಸುಳುವ ಹಾವಿನಂಥ ಪುಟ್ಟ ಮೀನು. ಕುದಿಸಿ ಬಣ್ಣ ತೆಗೆದ ತೆಂಗಿನ ಗೆರಟೆಯನ್ನು ಒಂದು ಬದಿ ಒಡೆದು ಕವಚಿ ಹಾಕಿದರೆ ಅದಕ್ಕೆ ಮನೆಯಾಯಿತು. ಗೌರಾಮಿ ಮೇಲಿನ ಗಾಳಿಯನ್ನೂ ಉಸಿರಾಡಬಲ್ಲದು. ಮೊದಲು ರಾಸ್ಬೋರಾ, ಎರಡು ವಾರ ಬಿಟ್ಟು ಲೋಚ್, ಮತ್ತೆರಡು ವಾರಕ್ಕೆ ಗೌರಾಮಿ. ಒಣಗಿ ಉದುರಿದ ಕಾಡುಬಾದಾಮಿ ಎಲೆ ಎರಡನ್ನು ತೊಳೆದು ಹಾಕಿ, ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ, ಈ ಮೂರಕ್ಕೂ ಇಷ್ಟ.

ತಂದ ಚೀಲವನ್ನು ಕಾಲು ಗಂಟೆ ತೇಲಿಸಿ, ಆಮೇಲೆ ಐದು ನಿಮಿಷಕ್ಕೊಮ್ಮೆ ಒಂದು ಸಣ್ಣ ಲೋಟ ಟ್ಯಾಂಕಿನ ನೀರು ಸೇರಿಸುತ್ತ ಮುಕ್ಕಾಲು ಗಂಟೆ ಕಾಯಿರಿ. ಮೀನನ್ನು ಬಲೆಯಲ್ಲಿ ಹಿಡಿದು ಬಿಡಿ, ಚೀಲದ ನೀರು ಬಚ್ಚಲಿಗೆ. ಬೆಂಗಳೂರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬಂದ ಪಾರ್ಸೆಲ್ ಆದರೆ ಇಷ್ಟು ಹೊತ್ತು ಬೇಡ: ಚೀಲ ಬಿಚ್ಚಿದ ಕೂಡಲೇ ಒಳಗಿನ ನೀರಿನ ಪಿಎಚ್ ಏರಿ, ಕೂಡಿದ ಅಮೋನಿಯ ವಿಷವಾಗುತ್ತದೆ. ಶಾಖ ಸಮ ಮಾಡಿ ಬೇಗ ಬಿಟ್ಟುಬಿಡಿ.

"ನಮ್ಮ ಹೊಳೆಯ ಮೀನನ್ನೇ ಯಾಕೆ ಸಾಕಬಾರದು?" ಒಳ್ಳೆಯ ಪ್ರಶ್ನೆ. ಮಿಸ್ ಕೇರಳ ಎಂದು ಹೆಸರಾದ, ಕೆಂಪು ಗೆರೆಯ ಡೆನಿಸನ್ ಬಾರ್ಬ್ ಇದೇ ಘಟ್ಟದ್ದು. ಅಳಿವಿನಂಚಿನಲ್ಲಿದೆ, 2022ರ ತಿದ್ದುಪಡಿಯಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿದೆ. ಹಾಗಾಗಿ ಅದರ ಮಾತೇ ಬೇಡ. ಗದ್ದೆಯ ಕಣಿಯಲ್ಲಿ ನೀರಿನ ಮೇಲ್ಮೈಗೆ ಅಂಟಿದ ಹಾಗೆ ನಿಲ್ಲುವ, ನೆತ್ತಿಯಲ್ಲಿ ಬೆಳ್ಳಿ ಚುಕ್ಕೆಯ ಪಟ್ಟೆ ಪ್ಯಾಂಚಾಕ್ಸ್ ಸಾಕಲು ಒಗ್ಗುತ್ತದೆ. ಆದರೆ ಹತ್ತು ಸೆಂ.ಮೀ. ಬೆಳೆದು ಸಣ್ಣ ಮೀನನ್ನು ನುಂಗುತ್ತದೆ, ಬೆರಳು ತೂರುವಷ್ಟು ಸಂದಿ ಸಿಕ್ಕಿದರೂ ಹೊರಗೆ ಹಾರುತ್ತದೆ. ಬಾವಿ ಉಪ್ಪಾಗುವ ಕಡೆಯವರಿಗೆ ಹಿನ್ನೀರಿನ ಕಿತ್ತಳೆ ಕ್ರೋಮೈಡ್ ಒಳ್ಳೆಯದು, ಉಪ್ಪನ್ನೂ ಸಿಹಿಯನ್ನೂ ತಾಳುತ್ತದೆ. ಇದಕ್ಕೆ ಮೂರಡಿ ಟ್ಯಾಂಕ್ ಬೇಕು. ಅಂಗಡಿಯ ಮೀನನ್ನಾಗಲಿ, ತೇಲುವ ಗಿಡವನ್ನಾಗಲಿ ಬೇಡವಾಯಿತೆಂದು ತೋಡಿಗೆ ಬಿಡಬೇಡಿ. ಅಂಗಳದ ತೊಟ್ಟಿಯಲ್ಲಿ ಸಾಕುವವರು ಜೂನ್‌ಗೆ ಮೊದಲೇ ಬಲೆ ಕಟ್ಟಿ. ತೊಟ್ಟಿ ತುಂಬಿ ಹರಿದರೆ ನೀವು ಬಿಡದಿದ್ದರೂ ಅದು ತೋಡು ಸೇರುತ್ತದೆ.

ಕರೆಂಟು ಹೋದರೆ? ಮಳೆಗಾಲದಲ್ಲಿ ಅದು ಇದ್ದದ್ದೇ. 30 ಡಿಗ್ರಿ ನೀರಿನಲ್ಲಿ ಲೀಟರಿಗೆ ಹೆಚ್ಚೆಂದರೆ ಏಳೂವರೆ ಮಿಲಿಗ್ರಾಂ ಆಮ್ಲಜನಕ ನಿಲ್ಲುತ್ತದೆ. ಪವರ್ ಬ್ಯಾಂಕಿನಲ್ಲಿ ನಡೆಯುವ ಸಣ್ಣ ಏರ್ ಪಂಪ್ ಇಟ್ಟುಕೊಳ್ಳಿ, ಆ ಹೊತ್ತು ತಿನಿಸು ಹಾಕಬೇಡಿ. ಮುಚ್ಚಿದ ಡಬ್ಬಿಯ ಕ್ಯಾನಿಸ್ಟರ್ ಫಿಲ್ಟರ್ ನಾಲ್ಕೈದು ಗಂಟೆ ನಿಂತಿದ್ದರೆ ಕರೆಂಟು ಬಂದಾಗ ಹಾಗೇ ಚಾಲೂ ಮಾಡಬೇಡಿ. ಒಳಗೆ ಉಸಿರುಕಟ್ಟಿ ಸತ್ತ ಕೊಳೆ ಟ್ಯಾಂಕಿಗೆ ಬರುತ್ತದೆ. ಬಿಚ್ಚಿ, ಟ್ಯಾಂಕಿನದ್ದೇ ನೀರಿನಲ್ಲಿ ಜಾಲಾಡಿಸಿ ಹಾಕಿ.

ವಾರಕ್ಕೊಮ್ಮೆ 14 ಲೀಟರ್ ಬದಲಾಯಿಸಿ. ಬೇಸಗೆಯಲ್ಲಿ ನೀರಿನ ಮೇಲೆ ಟೇಬಲ್ ಫ್ಯಾನ್ ಹಾಯಿಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆವಿಯಾದದ್ದಕ್ಕೆ ಮೆದು ನೀರನ್ನೇ ಸೇರಿಸಿ.

ಕೊನೆಯ ಪ್ರಶ್ನೆ: "ನಾಲ್ಕು ದಿನ ಊರಿಗೆ ಹೋದರೆ ತಿನಿಸು ಯಾರು ಹಾಕುವುದು?" ಯಾರೂ ಬೇಡ. ಬೆಳೆದ ಮೀನು ನಾಲ್ಕು ದಿನ ಉಪವಾಸಕ್ಕೆ ಸಾಯುವುದಿಲ್ಲ. ಪಕ್ಕದ ಮನೆಯವರ ಕೈಗೆ ಡಬ್ಬಿ ಕೊಟ್ಟರೆ ಪ್ರೀತಿಯಿಂದ ಹಿಡಿಗಟ್ಟಲೆ ಹಾಕುತ್ತಾರೆ. ಕೊಡಲೇಬೇಕಾದ ಸಂದರ್ಭ ಬಂದರೆ, ಎರಡು ನಿಮಿಷದಲ್ಲಿ ಮುಗಿಸುವಷ್ಟೇ ತಿನಿಸನ್ನು ಒಂದೊಂದು ದಿನಕ್ಕೆ ಒಂದೊಂದು ಪೊಟ್ಟಣ ಕಟ್ಟಿ, ಮೇಲೆ ವಾರದ ಹೆಸರು ಬರೆದು ಕೊಡಿ. ಡಬ್ಬಿಯನ್ನು ಮಾತ್ರ ಕಪಾಟಿನೊಳಗಿಟ್ಟು ಬೀಗ ಹಾಕಿ ಹೋಗಿ.